ಮಾರ್ಷಲ್ ಮನೆಯ ಹೆಣ್ಣುಮಕ್ಕಳು

ಕೇಳುಗರಿಗೆ ನಮಸ್ಕಾರ.

1152ರ ಮಾತು. ಇಂಗ್ಲೆಂಡಿನ ನ್ಯೂಬರಿಯಲ್ಲಿ ರಾಜ ಸ್ಟೀಫನ್ ಒಂದು ಕೋಟೆಗೆ ಮುತ್ತಿಗೆ ಹಾಕಿದ್ದ. ಕೋಟೆಯ ಒಡೆಯ ಜಾನ್ ಮಾರ್ಷಲ್ ತನ್ನ ಐದಾರು ವರ್ಷದ ಮಗನನ್ನು ರಾಜನ ಬಳಿ ಒತ್ತೆಯಿಟ್ಟು, ಆಮೇಲೆ ಕೊಟ್ಟ ಮಾತಿಗೆ ತಪ್ಪಿದ. ಮಗುವನ್ನು ನೇಣಿಗೆ ಹಾಕುತ್ತೇವೆ ಎಂದು ಹೇಳಿ ಕಳುಹಿಸಿದರೆ, ಇವನಿಗಿಂತ ಒಳ್ಳೆಯ ಮಕ್ಕಳನ್ನು ಬಡಿದು ಮಾಡುವ ಸುತ್ತಿಗೆಯೂ ಅಡಿಗಲ್ಲೂ ನನ್ನ ಬಳಿ ಇವೆ ಎಂದು ತಂದೆ ಉತ್ತರ ಕೊಟ್ಟನಂತೆ. ಕೊಲ್ಲಲು ರಾಜನಿಗೇ ಮನಸ್ಸು ಬರಲಿಲ್ಲ. ಉಳಿದ ಆ ಹುಡುಗನ ಹೆಸರು ವಿಲಿಯಂ. ಇವತ್ತು ನಾನು ಹೇಳಹೊರಟಿರುವುದು ಅವನ ವಂಶದ ಕಥೆ.

ಮಾರ್ಷಲ್ ಎಂಬುದು ಮೊದಲು ಮನೆತನದ ಹೆಸರಲ್ಲ, ಹುದ್ದೆ. ಹಳೆಯ ಜರ್ಮಾನಿಕ್ ನುಡಿಯ ಕುದುರೆ, ಆಳು ಎಂಬ ಎರಡು ಪದ ಕೂಡಿ ಹುಟ್ಟಿದ್ದು. ಅಜ್ಜ ಗಿಲ್ಬರ್ಟ್ ರಾಜನ ಆಸ್ಥಾನದಲ್ಲಿ ಆ ಹುದ್ದೆಯಲ್ಲಿದ್ದ, ಅದು ಮಗ ಜಾನ್‌ಗೆ ಬಂತು, ಕಡೆಗೆ ಹುದ್ದೆಯೇ ಹೆಸರಾಗಿ ಅಂಟಿಕೊಂಡಿತು. ವಿಲಿಯಂ ಹಿರಿಯ ಮಗನಲ್ಲ. ಅವನ ಪಾಲಿಗೆ ಭೂಮಿಯಿರಲಿಲ್ಲ. ನಾರ್ಮಂಡಿಯ ತಾಂಕರ್‌ವಿಲ್‌ನಲ್ಲಿ ಬಂಧುವೊಬ್ಬನ ಮನೆಯಲ್ಲಿದ್ದುಕೊಂಡು ಯುದ್ಧವಿದ್ಯೆ ಕಲಿತ. ಪಂದ್ಯದ ಕಾಳಗಗಳಲ್ಲಿ ಸೆರೆಹಿಡಿದ ಸವಾರರು ಕೊಡುವ ಬಿಡುಗಡೆಯ ಹಣವೇ ಅವನ ಗಳಿಕೆ. ಹಾಗೆ ಸೆರೆಹಿಡಿದವರು ಐನೂರು ಮಂದಿ ಎಂದು ಸಾಯುವ ಹೊತ್ತಿನಲ್ಲಿ ಹೇಳಿಕೊಂಡನೆಂದು ಅವನ ಮಗ ಬರೆಯಿಸಿದ ಪದ್ಯರೂಪದ ಜೀವನಚರಿತ್ರೆ ಹೇಳುತ್ತದೆ.

ಆದರೆ ಇಷ್ಟೆಲ್ಲ ಪರಾಕ್ರಮದಿಂದ ಅವನಿಗೆ ಸಿಕ್ಕ ನೆಲ ಅಷ್ಟಿಷ್ಟೇ. ನಿಜವಾದ ಸಂಪತ್ತು ಬಂದದ್ದು 1189ರಲ್ಲಿ, ಮದುವೆಯಿಂದ. ವಧು ಇಸಬೆಲ್ ಡ ಕ್ಲೇರ್. ಆಕೆಗೆ ಸುಮಾರು ಹದಿನೇಳು, ಅವನಿಗೆ ನಲವತ್ತು ದಾಟಿತ್ತು. ಇಸಬೆಲ್‌ಳ ತಂದೆ ಸ್ಟ್ರಾಂಗ್‌ಬೋ ಎಂದು ಹೆಸರಾದ ರಿಚರ್ಡ್ ಡ ಕ್ಲೇರ್. ತಾಯಿ ಈಫಾ, ಐರ್ಲೆಂಡಿನ ಲೆನ್‌ಸ್ಟರ್ ರಾಜ ಡರ್ಮಟ್‌ನ ಮಗಳು. ಐರಿಷ್ ಪದ್ಧತಿಯಲ್ಲಿ ಮಗಳ ಮೂಲಕ ರಾಜ್ಯ ಇಳಿಯುತ್ತಿರಲಿಲ್ಲ. ನಾರ್ಮನ್ನರ ಕಾನೂನಿನಲ್ಲಿ ಇಳಿಯುತ್ತಿತ್ತು. ಇಸಬೆಲ್‌ಳ ಒಬ್ಬನೇ ತಮ್ಮ ಪ್ರಾಯಕ್ಕೆ ಬರುವ ಮೊದಲೇ ತೀರಿಕೊಂಡದ್ದರಿಂದ ವೇಲ್ಸ್ ಗಡಿಯ ಚೆಪ್‌ಸ್ಟೋ ಕೋಟೆ, ಲೆನ್‌ಸ್ಟರ್, ಪೆಂಬ್ರೋಕ್‌ನ ಹಕ್ಕು ಎಲ್ಲವೂ ಆಕೆಯ ಹೆಸರಿಗೆ ಕೂಡಿದವು.

ವಿಲಿಯಂ ಇದನ್ನು ಮರೆಯಲಿಲ್ಲ. 1207ರಲ್ಲಿ ರಾಜ ಜಾನ್ ಅವನನ್ನು ಐರ್ಲೆಂಡಿನಿಂದ ಕರೆಸಿಕೊಂಡಾಗ, ಗರ್ಭಿಣಿ ಹೆಂಡತಿಯ ಕೈಹಿಡಿದು ಲೆನ್‌ಸ್ಟರಿನ ಸಾಮಂತರ ಮುಂದೆ ನಿಲ್ಲಿಸಿ, ಹುಟ್ಟಿನಿಂದ ನಿಮ್ಮ ಒಡತಿ ಈಕೆ, ನನಗಿರುವುದೆಲ್ಲ ಈಕೆಯಿಂದ ಬಂದದ್ದು ಎಂದನಂತೆ. ಈ ವಂಶದ ದಾಖಲೆಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಗಳಿಗೆ ಇದು. ಆತ ಹೋದಮೇಲೆ ದಂಗೆಯೆದ್ದವರನ್ನು ಎದುರಿಸಿ ಕಿಲ್ಕೆನಿಯನ್ನು ಉಳಿಸಿಕೊಂಡದ್ದರಲ್ಲಿ ಇಸಬೆಲ್‌ಳ ಪಾಲು ದೊಡ್ಡದು.

1216ರಲ್ಲಿ ಜಾನ್ ಸತ್ತಾಗ ಒಂಬತ್ತು ವರ್ಷದ ಮೂರನೇ ಹೆನ್ರಿಯ ಪರವಾಗಿ ಮುದುಕ ವಿಲಿಯಂ ರಾಜ್ಯಭಾರ ಹೊತ್ತ. 1217ರಲ್ಲಿ ಲಿಂಕನ್ನಿನ ಕಾಳಗವನ್ನು ಗೆದ್ದ. 1219ರ ಮೇ 14ರಂದು ತೀರಿಕೊಂಡು ಲಂಡನ್ನಿನ ಟೆಂಪಲ್ ಚರ್ಚಿನಲ್ಲಿ ಮಣ್ಣಾದ. ಮರುವರ್ಷ ಇಸಬೆಲ್ ಕೂಡ ತೀರಿಕೊಂಡಳು. ಬಿಟ್ಟುಹೋದದ್ದು ಐವರು ಗಂಡುಮಕ್ಕಳು, ಐವರು ಹೆಣ್ಣುಮಕ್ಕಳು.

ಐವರು ಗಂಡುಮಕ್ಕಳಿದ್ದ ಮನೆ ಅಳಿಯುವುದೆಂದರೇನು? ಅಳಿಯಿತು. ಹಿರಿಯ ಮಗ, ತಂದೆಯದೇ ಹೆಸರಿನ ವಿಲಿಯಂ, ರಾಜನ ತಂಗಿಯನ್ನೇ ಮದುವೆಯಾಗಿದ್ದ, 1231ರಲ್ಲಿ ಸತ್ತ. ರಿಚರ್ಡ್ 1234ರಲ್ಲಿ ಕಿಲ್ಡೇರಿನ ಬಯಲಿನಲ್ಲಿ ಗಾಯಗೊಂಡು ಸತ್ತ. ಗಿಲ್ಬರ್ಟ್ 1241ರಲ್ಲಿ ಪಂದ್ಯದ ಕಾಳಗದಲ್ಲಿ, ಕುದುರೆಯ ಲಗಾಮು ಕಿತ್ತು ಸತ್ತ. ತಂದೆಯ ಕೈಹಿಡಿದ ಆಟವೇ ಮಗನ ಜೀವ ತೆಗೆಯಿತು. ವಾಲ್ಟರ್ 1245ರ ನವೆಂಬರ್‌ನಲ್ಲಿ, ಆನ್ಸೆಲ್ಮ್ ಅದೇ ಡಿಸೆಂಬರ್‌ನಲ್ಲಿ. ಒಬ್ಬೊಬ್ಬರಾಗಿ ಐವರೂ ಪಟ್ಟಕ್ಕೆ ಬಂದರು, ಒಬ್ಬನೂ ಉತ್ತರಾಧಿಕಾರಿಯನ್ನು ಬಿಟ್ಟುಹೋಗಲಿಲ್ಲ.

ಇದು ಶಾಪವೆಂದು ಬರೆದವನು ಸೇಂಟ್ ಆಲ್ಬನ್ಸ್ ಮಠದ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್. ಐರ್ಲೆಂಡಿನ ಫರ್ನ್ಸ್ ಎಂಬಲ್ಲಿಯ ಬಿಷಪ್ಪನ ಎರಡು ಹಳ್ಳಿಗಳನ್ನು ವಿಲಿಯಂ ಕಸಿದುಕೊಂಡಿದ್ದನಂತೆ. ಅವನ ಮರಣದ ನಂತರವೂ ಮಕ್ಕಳು ಹಿಂದಿರುಗಿಸಲು ಒಪ್ಪದಿದ್ದಾಗ, ಒಂದೇ ತಲೆಮಾರಿನಲ್ಲಿ ನಿಮ್ಮ ಹೆಸರು ಅಳಿಯಲಿ ಎಂದು ಬಿಷಪ್ ಶಪಿಸಿದನಂತೆ. ಕಥೆ ಮೈ ನಡುಗಿಸುವಂಥದ್ದೇ. ಆದರೆ ಅಳಿದದ್ದು ಹೆಸರು ಮಾತ್ರ, ರಕ್ತವಲ್ಲ. ಅನೇಕ ವಂಶವೃಕ್ಷಗಳು 1245ಕ್ಕೆ ಗೆರೆ ಎಳೆದು ನಿಲ್ಲಿಸುತ್ತವೆ. ಅದನ್ನು ನಾನು ಒಪ್ಪಲಾರೆ.

ಗಂಡುಸಂತಾನವಿದ್ದರೆ ಎಲ್ಲವೂ ಹಿರಿಯ ಮಗನಿಗೆ, ಹೆಣ್ಣುಮಕ್ಕಳಷ್ಟೇ ಉಳಿದರೆ ಎಲ್ಲರಿಗೂ ಸಮಪಾಲು. ಅಂದಿನ ಇಂಗ್ಲಿಷ್ ಕಾನೂನು ಅದು. 1247ರಲ್ಲಿ ಲೆನ್‌ಸ್ಟರ್ ಐದು ಹಿಸ್ಸೆಯಾಯಿತು. ಹಿರಿಯವಳು ಮಾಡ್. ಆಕೆಗೆ ಕಾರ್ಲೋ, ಜೊತೆಗೆ ಹಂಚಲಾಗದ ಮಾರ್ಷಲ್ ಹುದ್ದೆ. ಆಕೆಯಿಂದ ಅದು ನಾರ್ಫೋಕ್‌ನ ಬಿಗೊಡ್ ಮನೆಗೆ ಹೋಯಿತು. ಎರಡನೆಯವಳಾದ ಇಸಬೆಲ್‌ಳ ಸಂತಾನಕ್ಕೆ ಕಿಲ್ಕೆನಿ. ಸಿಬಿಲ್‌ಳ ಕಡೆಗೆ ಕಿಲ್ಡೇರ್. ಆಕೆಗೆ ಏಳು ಹೆಣ್ಣುಮಕ್ಕಳಾದ್ದರಿಂದ ಆ ಐದನೇ ಒಂದು ಪಾಲು ಮತ್ತೆ ಏಳಾಯಿತು! ಈವಾಳ ಮಗಳ ಮೂಲಕ ಡನಮೇಸ್ ಮಾರ್ಟಿಮರ್ ಮನೆ ಸೇರಿತು. ಜೋನ್‌ಳ ಮಗಳು ವಿಲಿಯಂ ಡ ವಾಲೆನ್ಸ್‌ನ ಕೈಹಿಡಿದಳು, ವೆಕ್ಸ್‌ಫರ್ಡ್ ಮತ್ತು ಪೆಂಬ್ರೋಕ್ ಆ ಮನೆಗೆ ಹೋದವು.

ಈಗ 1314ರ ಜೂನ್‌ಗೆ ಬನ್ನಿ, ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್ ರಣರಂಗಕ್ಕೆ. ಒಂದು ಕಡೆ ಸ್ಕಾಟರ ರಾಜ ರಾಬರ್ಟ್ ಬ್ರೂಸ್. ಅವನು ಆ ಎರಡನೇ ಮಗಳು ಇಸಬೆಲ್‌ಳ ಮರಿಮೊಮ್ಮಗ. ಅವನೆದುರು ಇಂಗ್ಲಿಷ್ ಸೈನ್ಯದಲ್ಲಿ ಗ್ಲಾಸ್ಟರ್‌ನ ಅರ್ಲ್ ಗಿಲ್ಬರ್ಟ್ ಡ ಕ್ಲೇರ್, ಇಪ್ಪತ್ತಮೂರರ ತರುಣ. ಅವನೂ ಅದೇ ಇಸಬೆಲ್‌ಳ ಮರಿಮೊಮ್ಮಗ. ಸೋತ ಇಂಗ್ಲೆಂಡಿನ ರಾಜನನ್ನು ರಣರಂಗದಿಂದ ಪಾರುಮಾಡಿ ಕರೆದೊಯ್ದ ಏಮರ್ ಡ ವಾಲೆನ್ಸ್ ಕಿರಿಯವಳಾದ ಜೋನ್‌ಳ ಮೊಮ್ಮಗ. ಎಪ್ಪತ್ತು ವರ್ಷದ ಹಿಂದೆ ಅಳಿಯಿತೆಂದ ಮನೆಯ ಮೂವರು ಒಂದೇ ಬಯಲಿನಲ್ಲಿ.

ಗಿಲ್ಬರ್ಟ್ ಅಲ್ಲಿ ಸತ್ತ. ಬ್ರೂಸ್ ಬಂಧುವಿನ ದೇಹಕ್ಕೆ ಮರ್ಯಾದೆ ಸಲ್ಲಿಸಿ, ಬಿಡುಗಡೆಯ ಹಣ ಕೇಳದೆ ಇಂಗ್ಲೆಂಡಿಗೆ ಕಳುಹಿಸಿಕೊಟ್ಟ. ಟ್ಯೂಕ್ಸ್‌ಬರಿಯ ಮಠದಲ್ಲಿ ಅವನನ್ನು ಮಣ್ಣುಮಾಡಿದರು. ಅವನಿಗೂ ಸಂತಾನ ಉಳಿದಿರಲಿಲ್ಲ. ಎಲಿನರ್, ಮಾರ್ಗರೆಟ್, ಎಲಿಜಬೆತ್ ಎಂಬ ಮೂವರು ಸಹೋದರಿಯರಿದ್ದರು. ಆಸ್ತಿ ಅವರಿಗೆ ಪಾಲಾಯಿತು.

ನಮಸ್ಕಾರ.