ನಮ್ಮೂರ ಹೈಸ್ಕೂಲಿಗೆ ಇದೇ ಕೊನೆಯ ಸೆಂಡ್ ಆಫ್

ನಮಸ್ಕಾರ ಎಲ್ಲರಿಗೂ. ಹೊಳೆ ಕಡೆಯ ಗಾಳಿ ಜೋರಿತ್ತು, ಅಲ್ಲಿ ಮಾತಾಡಿದ್ದು ಒಂದೂ ಕೇಳುತ್ತಿಲ್ಲ. ಅದಕ್ಕೇ ಮನೆಗೆ ಬಂದು ಈ ವಿಡಿಯೊಗೆ ದನಿ ಕೊಡುತ್ತಿದ್ದೇನೆ. ಇದು ನಮ್ಮ ಹೈಸ್ಕೂಲು. ಕುಮಟಾ ತಾಲ್ಲೂಕು, ಅಘನಾಶಿನಿ ಹೊಳೆಯ ದಂಡೆ. ಚಿರೆಕಲ್ಲಿನ ಗೋಡೆ, ಮೇಲೆ ಹಂಚು. ಎರಡು ವರ್ಷದಿಂದ ಎಂಟನೇ ಕ್ಲಾಸಿಗೆ ಮಕ್ಕಳನ್ನು ಸೇರಿಸಿಕೊಂಡಿಲ್ಲ. ಈಗ ಉಳಿದದ್ದು ಹತ್ತನೇ ಕ್ಲಾಸು ಒಂದೇ. ಇವರು ಈ ತಿಂಗಳ ಕೊನೆಗೆ ಎಸ್ಸೆಸ್ಸೆಲ್ಸಿ ಬರೆದರೆ ಮುಗಿಯಿತು, ಜೂನ್‌ನಲ್ಲಿ ಶಾಲೆ ತೆರೆಯುವುದಿಲ್ಲ.

ತೋರಣ ಕಟ್ಟುತ್ತಿರುವ ಈ ಹನ್ನೊಂದು ಮಕ್ಕಳೇ ಕೊನೆಯ ಬ್ಯಾಚು. ನೀಲಿ ಸೀರೆ ಉಟ್ಟವರು ನಮ್ಮ ಕನ್ನಡದ ಅಕ್ಕೋರು. ನಿವೃತ್ತಿಯಾಗಿ ಎಷ್ಟೋ ವರ್ಷವಾಯಿತು. ಶಿರಸಿಯಲ್ಲಿ ಮಗನ ಮನೆಯಲ್ಲಿದ್ದಾರೆ, ಇವತ್ತಿಗಾಗಿ ದೇವಿಮನೆ ಘಟ್ಟ ಇಳಿದು ಬಂದಿದ್ದಾರೆ. "ತಂಗಿ, ನಿಂದು ಯಾವ ಬ್ಯಾಚು?" ಅಂತ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಆಯಿಯ ಹೆಸರು ಹೇಳಿ, "ಅವಳ ಮಗಳಲ್ವಾ ನೀನು?" ಅಂದರು. ಆಯಿಗೂ ಇವರೇ ಕಲಿಸಿದ್ದು, ನನಗೂ ಇವರೇ.

ಆಯಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವಳ ಅಕ್ಕ, ನಮ್ಮ ದೊಡ್ಡಾಯಿ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಓದಿನಲ್ಲಿ ಅವಳೇ ಚುರುಕು ಅಂತ ಆಯಿ ಈಗಲೂ ಹೇಳುತ್ತಾಳೆ. ಆದರೆ ಆಗ ಹೈಸ್ಕೂಲು ಅಂದರೆ ಕುಮಟಾಕ್ಕೆ ಹೋಗಬೇಕು. ಹುಡುಗಿಯನ್ನು ದಿನಾ ಅಷ್ಟು ದೂರ ಯಾರು ಕಳಿಸುತ್ತಾರೆ? ದೊಡ್ಡಾಯಿ ಬಳಚು, ಅಂದರೆ ಚಿಪ್ಪಿನ ಮೀನು, ಹೆಕ್ಕಲು ಹೊಳೆಗೆ ಹೋದಳು. ಆಯಿ ಏಳನೇ ಮುಗಿಸುವ ಹೊತ್ತಿಗೆ ಊರಲ್ಲೇ ಹೈಸ್ಕೂಲು ಆಗಿತ್ತು. ನಡೆದುಕೊಂಡು ಹೋಗಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಆಮೇಲೆ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ಒಂದೇ ಮನೆ, ಒಂದೇ ಅಪ್ಪ. ಒಬ್ಬಳ ಕಾಲಕ್ಕೆ ಶಾಲೆ ಹತ್ತಿರ ಬಂತು, ಅಷ್ಟೇ ವ್ಯತ್ಯಾಸ.

ಇದು ಆಫೀಸು. ಗೋಡೆ ಮೇಲಿನ ಫೋಟೊ ದಿನಕರ ದೇಸಾಯಿಯವರದ್ದು. ಚುಟುಕ ಬರೆದವರು ಅಂತ ಕರ್ನಾಟಕಕ್ಕೆಲ್ಲ ಗೊತ್ತು. ನಮ್ಮ ಜಿಲ್ಲೆಯವರಿಗೆ ಅವರು ರೈತರ ಪರ ನಿಂತವರು, ಹೈಸ್ಕೂಲು ಕಟ್ಟಿದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರು ಮಾಡಿ ಬಡವರ ಮಕ್ಕಳಿಗೆ ಶಾಲೆಗಳನ್ನು ತೆರೆದರು. ನಮ್ಮದು ಆ ಟ್ರಸ್ಟಿನ ಶಾಲೆಯಲ್ಲ, ಊರವರೇ ಕಮಿಟಿ ಮಾಡಿಕೊಂಡು ಕಟ್ಟಿದ್ದು. ಆದರೂ ಫೋಟೊ ಅವರದ್ದೇ ಇಟ್ಟಿದ್ದಾರೆ. ಇಡಬೇಕಾದ್ದೇ.

ಕಮಿಟಿಯವರ ಮೇಲೆ ನನಗೆ ತುಂಬ ಸಿಟ್ಟಿತ್ತು. ಮುಚ್ಚುವುದಕ್ಕೆ ಹೇಗೆ ಒಪ್ಪಿದರು ಅಂತ ಬೆಳಿಗ್ಗೆ ತನಕ ಕಂಡಕಂಡವರ ಹತ್ತಿರ ಹೇಳುತ್ತಿದ್ದೆ. ಈಗ ಈ ಟೈಮ್‌ಟೇಬಲ್ ನೋಡಿ. ಅನುದಾನಿತ ಶಾಲೆ ಇದು, ಅಂದರೆ ನಡೆಸುವುದು ಕಮಿಟಿ, ಮಾಸ್ತರುಗಳ ಸಂಬಳ ಸರ್ಕಾರದ್ದು. ಒಬ್ಬೊಬ್ಬರೇ ಮಾಸ್ತರು ನಿವೃತ್ತಿಯಾದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ಗಣಿತ, ವಿಜ್ಞಾನ, ಇಂಗ್ಲಿಷ್ ಮೂರಕ್ಕೂ ಒಬ್ಬರೇ. ಹೆಡ್‌ಮಾಸ್ತರು ಸಮಾಜ ಪಾಠವನ್ನೂ ಮಾಡಬೇಕು, ಆಫೀಸಿನ ಲೆಕ್ಕಪತ್ರವನ್ನೂ ಬರೆಯಬೇಕು. ಇತ್ತ ಬೆಳಿಗ್ಗೆ ಹಳದಿ ವ್ಯಾನ್ ಬಂದು ಇಂಗ್ಲಿಷ್ ಮೀಡಿಯಂ ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಎಷ್ಟೋ ಮನೆಯವರು ಗೋವಾ, ಹುಬ್ಬಳ್ಳಿ, ಬೆಂಗಳೂರು ಅಂತ ಸಂಸಾರ ಸಮೇತ ಹೋಗಿಬಿಟ್ಟಿದ್ದಾರೆ. ಕಮಿಟಿಯ ಅಜ್ಜಂದಿರು ಕೈಯಿಂದ ದುಡ್ಡು ಹಾಕಿ ಒಬ್ಬ ಟೀಚರಿಗೆ ಸಂಬಳ ಕೊಟ್ಟುಕೊಂಡು ಬಂದರು. ಎಷ್ಟು ವರ್ಷ ಅಂತ ಕೊಡುತ್ತಾರೆ? ಅವರ ಮೇಲೆ ಈಗ ಸಿಟ್ಟಿಲ್ಲ.

ಸಿಟ್ಟು ಈಗ ಬಸ್ಸಿನ ಮೇಲೆ ಇದೆ. ಅದನ್ನು ಪೂರ್ತಿ ಹೇಳಲೇಬೇಕು.

ಇದು ಬೆಳಿಗ್ಗೆಯ ಶಾಟ್, ನಮ್ಮೂರ ಕ್ರಾಸ್. ಎಂಟು, ಒಂಬತ್ತನೇ ಕ್ಲಾಸಿನವರು ಆಗಲೇ ಕುಮಟಾಕ್ಕೆ ಹೋಗುತ್ತಿದ್ದಾರಲ್ಲ, ಆ ಮಕ್ಕಳೇ ಇವರು. ಬಸ್ಸು ಬಂತು, ನೋಡಿ. ಹಿಂದಿನ ಊರುಗಳಲ್ಲೇ ತುಂಬಿಕೊಂಡು ಬಂದಿದೆ. ನಿಲ್ಲಲಿಲ್ಲ. ಹಿಂದೆ ಇನ್ನೊಂದು ಬರುತ್ತದೆ ಅಂತ ಕಂಡಕ್ಟರ್ ಕೈ ತೋರಿಸಿದರು. ಆ ಇನ್ನೊಂದು ಬರುವುದು ಹತ್ತು ಗಂಟೆ ಹೊತ್ತಿಗೆ. ಅಷ್ಟರಲ್ಲಿ ಅಲ್ಲಿ ಪ್ರಾರ್ಥನೆ ಮುಗಿದು ಮೊದಲ ಪಿರಿಯಡ್ ನಡೆಯುತ್ತಿರುತ್ತದೆ. ಹುಡುಗಿಯರಿಗೆ ಶಕ್ತಿ ಯೋಜನೆ ಇದೆ, 2023ರ ಜೂನ್‌ನಿಂದ ಟಿಕೆಟ್ ದುಡ್ಡು ಇಲ್ಲ. ಹುಡುಗರ ಹತ್ತಿರ ಪಾಸಿದೆ. ಬಸ್ಸೇ ನಿಲ್ಲದಿದ್ದರೆ ಅವನ್ನೆಲ್ಲ ಇಟ್ಟುಕೊಂಡು ಏನು ಮಾಡುವುದು?

ಆಮೇಲೆ ಆಟೊ. ತಲೆಗೆ ಇಪ್ಪತ್ತು ರೂಪಾಯಿ, ಹೋಗಿ ಬರಲು ನಲವತ್ತು. ತಿಂಗಳಿಗೆ ಇಪ್ಪತ್ತೈದು ದಿನ ಶಾಲೆ ಅಂತ ಹಿಡಿಯಿರಿ, ಸಾವಿರ ರೂಪಾಯಿ ಆಯಿತು. ಇಬ್ಬರು ಮಕ್ಕಳಿದ್ದರೆ ಎರಡು ಸಾವಿರ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ ಪುಕ್ಕಟೆ, ಮಧ್ಯಾಹ್ನದ ಊಟ ಪುಕ್ಕಟೆ. ಅಲ್ಲಿಗೆ ಹೋಗಿ ಮುಟ್ಟುವುದಕ್ಕೆ ಎರಡು ಸಾವಿರ! ಈ ಮಕ್ಕಳ ತಾಯಂದಿರಲ್ಲಿ ಜಾಸ್ತಿ ಜನ ಹೊಳೆಗೆ ಹೋಗುವವರು. ಇಳಿತದ ಹೊತ್ತು ನೋಡಿಕೊಂಡು, ನೀರಲ್ಲಿ ನಿಂತು, ಬಗ್ಗಿ ಬಗ್ಗಿ ಬಳಚು ಹೆಕ್ಕಿ, ಅದನ್ನು ಪೇಟೆಗೆ ಹೊತ್ತು ಮಾರಬೇಕು. ಎರಡು ಸಾವಿರಕ್ಕೆ ಎಷ್ಟು ಹೆಕ್ಕಬೇಕು ಅಂತ ಲೆಕ್ಕ ಹಾಕಿ.

ಸೈಕಲ್ ಕೊಡಿಸಬಹುದಲ್ಲ ಅಂತ ಯಾರೋ ಕೇಳಿದರು. ನಮ್ಮ ಕಾಲದಲ್ಲಿ ಎಂಟನೇ ಕ್ಲಾಸಿಗೆ ಸರ್ಕಾರವೇ ಸೈಕಲ್ ಕೊಡುತ್ತಿತ್ತು, ನನಗೂ ಸಿಕ್ಕಿತ್ತು. ಆದರೆ ನಾವು ತುಳಿದದ್ದು ಊರೊಳಗಿನ ದಾರಿಯಲ್ಲಿ. ಹೆದ್ದಾರಿ 66ರಲ್ಲಿ ಲಾರಿಗಳ ಮಧ್ಯೆ ಹದಿಮೂರು ವರ್ಷದ ಮಕ್ಕಳನ್ನು ಬಿಡುವುದಾ? 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿ ಮೇಲೆ ಬಿತ್ತಲ್ಲ, ಅದಾದ ಮೇಲೆ ಮಳೆಗಾಲದಲ್ಲಿ ಈ ರಸ್ತೆ ಅಂದರೆ ಮನೆಯವರಿಗೆ ಜೀವ ಕೈಯಲ್ಲಿ. ಸ್ಟಾಪಿನಲ್ಲಿ ಮೊಮ್ಮಗಳ ಜೊತೆ ನಿಂತಿದ್ದ ಅಜ್ಜಿ ನನ್ನ ಹತ್ತಿರ ನೇರವಾಗಿಯೇ ಹೇಳಿದರು, "ಮಳೆ ಶುರುವಾದ ಮೇಲೆ ಇವಳನ್ನ ಕಳಿಸೂದಿಲ್ಲ." ದೊಡ್ಡಾಯಿಗೆ ಆಗಿದ್ದೂ ಇದೇ ಅಲ್ವಾ? ಶಾಲೆ ಮುಚ್ಚುವವರು ಮೊದಲು ಬಸ್ಸಿನ ವ್ಯವಸ್ಥೆ ಮಾಡಿ ಆಮೇಲೆ ಬೀಗ ಹಾಕಬೇಕಿತ್ತು. ಇದನ್ನು ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ.

ಸರಿ, ಕಾರ್ಯಕ್ರಮಕ್ಕೆ ಬರೋಣ. ಅತಿಥಿಗಳ ಭಾಷಣ ಕತ್ತರಿಸಿದ್ದೇನೆ, ಇಂಥ ದಿನ ಮಕ್ಕಳು ಮಾತಾಡಬೇಕು. ಈ ಹುಡುಗ ಗ್ಯಾದರಿಂಗಿಗೆ ಕಲಿತ ಯಕ್ಷಗಾನದ ಹೆಜ್ಜೆ ಹಾಕುತ್ತಿದ್ದಾನೆ. ಎಷ್ಟು ಚೆಂದ ಕುಣಿಯುತ್ತಾನೆ ನೋಡಿ.

ಕಿಟಕಿಯಿಂದ ಕಾಣುವುದು ಗಜನಿ, ಅಂದರೆ ಹೊಳೆಯ ಉಪ್ಪುನೀರು ನುಗ್ಗುವ ಗದ್ದೆ. ನಮ್ಮ ವಿಜ್ಞಾನದ ಮಾಸ್ತರು ಎಷ್ಟೋ ಪಾಠ ಅಲ್ಲೇ ಮಾಡಿದ್ದು. ಕಗ್ಗ ಭತ್ತ ಉಪ್ಪುನೀರನ್ನು ಹೇಗೆ ತಡೆದುಕೊಳ್ಳುತ್ತದೆ, ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡದ ಬೇರು ಯಾಕೆ ಕೆಸರಿನಿಂದ ಮೇಲೆ ಬಂದಿರುತ್ತದೆ, ಎಲ್ಲ ಬದುವಿನ ಮೇಲೆ ನಿಂತೇ ಕಲಿತೆವು. ಆ ಬೇರು ಉಸಿರಾಡುವುದಕ್ಕೆ ಅಂತ ಗೊತ್ತಾದ ದಿನ ಮನೆಗೆ ಹೋಗಿ ಎಲ್ಲರಿಗೂ ಹೇಳಿದ್ದೆ. 2024ರಲ್ಲಿ ಅಘನಾಶಿನಿಯ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದಾಗ ನನಗೆ ಮೊದಲು ನೆನಪಾದವರು ಆ ಮಾಸ್ತರು. ಕುಮಟಾದ ಶಾಲೆಯಲ್ಲಿ ಲ್ಯಾಬ್ ಚೆನ್ನಾಗಿದೆ, ಮಾಸ್ತರುಗಳು ಪೂರ್ತಿ ಇದ್ದಾರೆ. ಅದನ್ನು ಒಪ್ಪುತ್ತೇನೆ, ಮಕ್ಕಳಿಗೆ ಅದೂ ಬೇಕು. ಆದರೆ ಹೀಗೆ ಪಾಠದ ಮಧ್ಯೆ ಎದ್ದು ಹೊಳೆಗೆ ಹೋಗುವುದು ಅಲ್ಲಿ ಆಗುವುದಿಲ್ಲ.

ಊಟದ ಶಾಟ್ ಚಿಕ್ಕದಿದೆ, ಎರಡು ವಿಷಯ ಬೇಗ ಹೇಳಿಬಿಡುತ್ತೇನೆ. ಹಳೆ ವಿದ್ಯಾರ್ಥಿಗಳು ಟಿ.ಸಿ. ನಕಲು, ಜನ್ಮ ದಿನಾಂಕದ ದಾಖಲೆ ಏನಾದರೂ ಬೇಕಿದ್ದರೆ ಏಪ್ರಿಲ್ ಒಳಗೆ ಬನ್ನಿ ಅಂತ ಹೆಡ್‌ಮಾಸ್ತರು ಹೇಳಿದ್ದಾರೆ. ಆಮೇಲೆ ರಿಜಿಸ್ಟರುಗಳೆಲ್ಲ ಬಿಇಒ ಆಫೀಸಿಗೆ ಹೋಗುತ್ತವೆ. ಇನ್ನೊಂದು, ಬಸ್ಸಿಗೆ ಅರ್ಜಿ. ಬೆಳಿಗ್ಗೆ ಊರೊಳಗಿಂದಲೇ ಹೊರಡುವ ಒಂದು ಬಸ್ಸು, ಸಂಜೆ ಶಾಲೆ ಬಿಟ್ಟ ಮೇಲೆ ಒಂದು, ಜೂನ್ ಒಂದರಿಂದಲೇ ಬೇಕು ಅಂತ ಆಯಿ ಬರೆದಿದ್ದಾಳೆ. ಸೋಮವಾರ ಡಿಪೊಗೆ ಹೋಗಿ ಕೊಡುತ್ತೇವೆ. ಊರಲ್ಲಿ ಇರುವವರು ಭಾನುವಾರ ಸಂಜೆಯೊಳಗೆ ಹಾಲಿನ ಡೇರಿ ಹತ್ತಿರ ಬಂದು ಸಹಿ ಹಾಕಿ. ಕಾಗದ ಅಲ್ಲೇ ಇಟ್ಟಿದ್ದೇವೆ, ಪೆನ್ನೂ ಇದೆ.