ಹಾಡು ಬರೆದುಕೊಂಡ ಪೊಲೀಸ್ ಮೇಷ್ಟ್ರು

[ದೃಶ್ಯ: ಮದುವೆ ಮನೆ. ನಾಲ್ವರ ಕೈಯಲ್ಲಿ ದುಡಿ. ಮೊದಲ ಹತ್ತು ಸೆಕೆಂಡ್ ಬರೀ ದುಡಿಯ ಸದ್ದು.]

ನಮಸ್ಕಾರ. ಕೊಡಗಿನ ಮದುವೆಗೆ ಹೋಗಿದ್ದರೆ ಈ ಸದ್ದು ಕೇಳಿರುತ್ತೀರಿ. ದುಡಿ ಅಂದರೆ ನಡು ಸಣ್ಣಗಿರುವ ಪುಟ್ಟ ವಾದ್ಯ. ಎಡಗೈಲಿ ಹಿಡಿದು ಬಲಗೈಯ ಕೋಲಿನಿಂದ ಬಡಿಯುತ್ತಾರೆ. ಇಬ್ಬರು ಒಂದು ಸಾಲು ಹಾಡುತ್ತಾರೆ, ಉಳಿದಿಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ಬಾಳೋ ಪಾಟ್ಟ್ ಅಂತಾರೆ ಇದಕ್ಕೆ. ಮದುವೆಗೊಂದು, ಸುಗ್ಗಿ ಹಬ್ಬ ಪುತ್ತರಿಗೊಂದು, ದೇವರಿಗೊಂದು, ಸಾವಿಗೂ ಒಂದು ಹಾಡು.

ಈ ಹಾಡುಗಳು ತಲೆತಲಾಂತರದಿಂದ ಬಾಯಲ್ಲೇ ಇದ್ದವು. ಹಾಡುವ ಅಜ್ಜ ಹೋದರೆ ಹಾಡೂ ಹೋಯಿತು, ಅಷ್ಟೇ.

[ದೃಶ್ಯ: ಹಳೆಯ ಪುಸ್ತಕದ ಪುಟಗಳು, ನಿಧಾನವಾಗಿ]

ಇವನ್ನು ಕೂತು ಬರೆದುಕೊಂಡವರು ನಡಿಕೇರಿಯಂಡ ಚಿಣ್ಣಪ್ಪ. ಹುಟ್ಟಿದ್ದು 1875ರಲ್ಲಿ. ಸೇನೆಯಲ್ಲಿದ್ದರು, ಶಾಲೆಯಲ್ಲಿ ಮೇಷ್ಟ್ರಾದರು, ಪೊಲೀಸ್ ಅಧಿಕಾರಿಯೂ ಆದರು. ಜಾನಪದ ಹೀಗೆ ಸಂಗ್ರಹಿಸಬೇಕು ಅಂತ ಕಲಿಸುವ ಕಾಲೇಜು ಆಗ ಎಲ್ಲಿತ್ತು? ಕಿವಿಯೇ ಗುರು. ಸ್ವತಃ ಕವಿಯೂ ಹೌದು. ಕಾವೇರಿಯನ್ನು ಸ್ತುತಿಸುವ 'ಶ್ರೀ ಮೂಲ ಕನ್ನಿಯೇ' ಅವರದೇ ರಚನೆ.

1924ರಲ್ಲಿ ಅವರ ಸಂಗ್ರಹ 'ಪಟ್ಟೋಲೆ ಪಳಮೆ' ಅಚ್ಚಾಯಿತು. ಹಾಡುಗಳ ಜೊತೆಗೆ ಆಚಾರ, ಹಬ್ಬ, ಗಾದೆ ಎಲ್ಲಾ ಅದರಲ್ಲಿವೆ. ಪುಸ್ತಕದಲ್ಲಿ ಹಾಡುಗಳದ್ದೇ ದೊಡ್ಡ ಪಾಲು.

ಈಗ ಸ್ವಲ್ಪ ಯೋಚನೆ ಮಾಡಿ. ಕೈಯಲ್ಲಿ ಮೊಬೈಲ್ ಇಲ್ಲ, ಟೇಪ್ ರೆಕಾರ್ಡರ್ ಇಲ್ಲ. ಹಾಡು ಓಡುತ್ತಲೇ ಇರುತ್ತದೆ. ಹೇಗೆ ಬರೆದುಕೊಂಡರು? ನನಗೆ ಅನ್ನಿಸುವುದು ಇಷ್ಟು: ಆ ಎರಡನೇ ಜೋಡಿ ಇದೆಯಲ್ಲ, ಅದೇ ಸಹಾಯ ಮಾಡಿರಬೇಕು. ಪ್ರತಿ ಸಾಲೂ ಎರಡು ಸಲ ಕಿವಿಗೆ ಬೀಳುತ್ತದೆ. ಮೇಷ್ಟ್ರ ಕೆಲಸ ಮಾಡಿದವರಿಗೆ ಉಕ್ತಲೇಖನ ಗೊತ್ತಿರುತ್ತದೆ, ಅಲ್ವಾ? ಇದು ನನ್ನ ಊಹೆ. ತಪ್ಪಿದ್ದರೆ ಬೈಯಿರಿ.

[ದೃಶ್ಯ: ಒಂದೇ ಪದ, ಪರದೆ ತುಂಬ: ಪಾಟ್ಟ್]

ಇನ್ನೊಂದು ತೊಡಕಿತ್ತು, ಲಿಪಿ. ಪುಸ್ತಕ ಇರುವುದು ಕನ್ನಡ ಅಕ್ಷರದಲ್ಲಿ. ಆದರೆ ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಕನ್ನಡಕ್ಕಿಲ್ಲದ ಸ್ವರಗಳಿವೆ. ಈ 'ಪಾಟ್ಟ್' ನೋಡಿ. ಕೊನೆಯಲ್ಲಿ ಒಂದು ಸಣ್ಣ ಸ್ವರ ಇದೆ. ಪೂರ್ತಿ 'ಉ' ಅಲ್ಲ, 'ಇ'ಯೂ ಅಲ್ಲ. ಬಾಯಿ ಅರ್ಧ ತೆರೆದು ಅಲ್ಲೇ ಬಿಟ್ಟ ಹಾಗೆ. ಅದಕ್ಕೆ ನಮ್ಮಲ್ಲಿ ಅಕ್ಷರವೇ ಇಲ್ಲ. 1930ರ ದಶಕದಲ್ಲಿ ಕೊಡವ ಭಾಷೆಯನ್ನು ಅಧ್ಯಯನ ಮಾಡಿದ ಅಮೆರಿಕದ ಭಾಷಾತಜ್ಞ ಎಮೆನೋ ಇಂಥ ಸ್ವರಗಳ ಬಗ್ಗೆ ಬರೆದಿದ್ದಾರೆ.

1929ರಲ್ಲಿ ಚಿಣ್ಣಪ್ಪ ಭಗವದ್ಗೀತೆಯನ್ನೂ ಕೊಡವ ತಕ್ಕಿಗೆ ತಂದರು. ಅದೂ ಬಾಳೋ ಪಾಟ್ಟ್ ಧಾಟಿಯಲ್ಲಿ! ಕೃಷ್ಣ ಅರ್ಜುನರ ಮಾತು ದುಡಿಯ ತಾಳಕ್ಕೆ. ಗೀತೆಯನ್ನು ಊರಿನವರ ನಾಲಗೆಗೆ ಹತ್ತಿಸುವ ಉಪಾಯ ಅದು. ಅವರು ಒಳಗಿನಿಂದ ಮೇಷ್ಟ್ರಾಗಿಯೇ ಉಳಿದಿದ್ದರು ಅಂತ ನನಗೆ ಅನ್ನಿಸುವುದು ಇಲ್ಲೇ. ಎರಡು ವರ್ಷಕ್ಕೆ, 1931ರಲ್ಲಿ, ತೀರಿಕೊಂಡರು. 2003ರಲ್ಲಿ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಪಟ್ಟೋಲೆ ಪಳಮೆಯನ್ನು ಇಂಗ್ಲಿಷಿಗೆ ತಂದರು.

[ದೃಶ್ಯ: ಮನೆಯ ಜಗಲಿ, ಹೊರಗೆ ಮಳೆ]

ನಮ್ಮದು ಸೋಮವಾರಪೇಟೆ ಕಡೆ. ಮನೆಮಾತು ಕನ್ನಡ. ಅಕ್ಷರ ಗೊತ್ತಲ್ಲ ಅನ್ನೋ ಧೈರ್ಯದಲ್ಲಿ ಪುಸ್ತಕ ಹಿಡಿದು, ಗೆಳೆಯನ ಅಜ್ಜನ ಮುಂದೆ ಜೋರಾಗಿ ಓದಿದೆ. ಅಜ್ಜ ನಕ್ಕು ನಕ್ಕು ಕೆಮ್ಮಿದರು.

"ಲಾಠಿ ಬೀಸಿದ ಹಾಗೆ ಓದ್ತೀಯಲ್ಲೋ ಮಗ! ಚಿಣ್ಣಪ್ಪ ಪೊಲೀಸ್ ಆಗಿದ್ದರು ಸರಿ, ಹಾಡಿಗೆ ಯಾಕೆ ಹೊಡೀತೀಯ?"

ಆಮೇಲೆ ಗೋಡೆಯ ಮೊಳೆಯಿಂದ ದುಡಿ ಇಳಿಸಿದರು. ಪುಸ್ತಕ ಮುಚ್ಚಿಸಿದರು. ಒಂದು ಸಾಲು ಹಾಡಿ ನಿಲ್ಲಿಸಿ, ನನ್ನ ಕಡೆ ನೋಡಿದರು.

"ಎರಡನೇ ಜೋಡಿ ಇವತ್ತು ನೀನೇ. ಹೇಳು."

[ದೃಶ್ಯ: ದುಡಿ. ಅಜ್ಜನ ಸಾಲು. ತಡವರಿಸುವ ಇನ್ನೊಂದು ದನಿ.]