ನೋವು ಮೂತ್ರಕೋಶದ್ದು, ಆರೈಕೆ ಹೊಟ್ಟೆಯದ್ದು

ಎಲ್ಲರಿಗೂ ನಮಸ್ಕಾರ.

ಗಿನಿ ಪಿಗ್‌ಗೆ ಮೂತ್ರಕೋಶದ ತೊಂದರೆ ಬಂದರೆ ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು, ಇದು ಇವತ್ತಿನ ವಿಷಯ. ನಾನು ಪಶುವೈದ್ಯೆ ಅಲ್ಲ, ಗಿನಿ ಪಿಗ್ ಸಾಕುವವಳು. ಯಾವ ಔಷಧಿ, ಎಷ್ಟು ಡೋಸು ಅಂತ ನನ್ನನ್ನು ಕೇಳಬೇಡಿ. ಡಾಕ್ಟರು ಔಷಧಿ ಬರೆದು ಮನೆಗೆ ಕಳಿಸಿದ ಮೇಲೆ ನಮ್ಮ ಪಾಲಿಗೆ ಉಳಿಯುವ ಕೆಲಸ ಇದೆಯಲ್ಲ, ಅದರ ಬಗ್ಗೆ ಮಾತಾಡುತ್ತೇನೆ. ಆ ಕೆಲಸದಲ್ಲಿ ಮುಕ್ಕಾಲು ಪಾಲು ಮೂತ್ರಕೋಶದ್ದಲ್ಲ, ಹೊಟ್ಟೆಯದ್ದು.

ಯಾಕೆ ಅಂದರೆ, ಈ ಪ್ರಾಣಿಯ ಕರುಳು ಸುಮ್ನೆ ಕೂರುವಂಥದ್ದಲ್ಲ. ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ಹುಲ್ಲು ಒಳಗೆ ಹೋಗುತ್ತಲೇ ಇರಬೇಕು. ಉಚ್ಚೆ ಮಾಡುವಾಗ ನೋವಾದರೆ ತಿನ್ನುವುದು ಕಡಿಮೆಯಾಗುತ್ತದೆ. ತಿನ್ನದಿದ್ದರೆ ಕರುಳು ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ, ಆಮೇಲೆ ತಿನ್ನುವ ಮನಸ್ಸೇ ಹೋಗುತ್ತದೆ. ಅರ್ಧ ದಿನ ಏನೂ ತಿಂದಿಲ್ಲ ಅಂದರೆ ಅದು ತುರ್ತು ಪರಿಸ್ಥಿತಿ. ಮೂತ್ರಕೋಶದಲ್ಲಿ ಕಲ್ಲಿದ್ದರೆ ಅದಕ್ಕೆ ಚಿಕಿತ್ಸೆ ಮಾಡಲು ಡಾಕ್ಟರಿಗೆ ಸಮಯ ಬೇಕು. ಆ ಸಮಯ ಸಿಗುವ ಹಾಗೆ ಮಾಡುವುದು ಮನೆಯವರ ಕೆಲಸ.

ಕಲ್ಲು ಯಾಕೆ ಆಗುತ್ತದೆ ಅಂತ ಸ್ವಲ್ಪ ನೋಡೋಣ. ನಮ್ಮ ಕರುಳು ಊಟದಲ್ಲಿರುವ ಕ್ಯಾಲ್ಸಿಯಂ ಪೈಕಿ ದೇಹಕ್ಕೆ ಬೇಕಾದಷ್ಟನ್ನು ಮಾತ್ರ ಹೀರಿಕೊಳ್ಳುತ್ತದೆ. ಗಿನಿ ಪಿಗ್ ಹಾಗಲ್ಲ. ಸಿಕ್ಕಿದ್ದರಲ್ಲಿ ಬಹುಪಾಲು ಹೀರಿಕೊಂಡು, ಹೆಚ್ಚಾದದ್ದನ್ನು ಉಚ್ಚೆಯಲ್ಲಿ ಹೊರಗೆ ಹಾಕುತ್ತದೆ. ಅದಕ್ಕೇ ಆರೋಗ್ಯವಾಗಿರುವ ಗಿನಿ ಪಿಗ್‌ನ ಉಚ್ಚೆಯೂ ಸ್ವಲ್ಪ ಮಬ್ಬಾಗಿರುತ್ತದೆ. ಒಣಗಿದ ಮೇಲೆ ತೆಳುವಾಗಿ ಬಿಳಿ ಪುಡಿ ಕಂಡರೆ ಗಾಬರಿ ಬೇಡ. ಆ ಪುಡಿಯನ್ನು ಬೆರಳಲ್ಲಿ ಉಜ್ಜಿದಾಗ ಮರಳು ಮರಳಾಗಿ ಸಿಕ್ಕಿದರೆ ಮಾತ್ರ ಡಾಕ್ಟರಿಗೆ ಹೇಳಿ. ಈ ಉಚ್ಚೆ ಕ್ಷಾರೀಯ, ಪಿಎಚ್ ಸುಮಾರು 8ರಿಂದ 9. ಅಂಥ ಉಚ್ಚೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಸುಲಭವಾಗಿ ಗಟ್ಟಿಯಾಗುತ್ತದೆ. ಇವುಗಳ ಕಲ್ಲು ಹೆಚ್ಚಾಗಿ ಅದೇ. ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ನಾಯಿ, ಬೆಕ್ಕಿನ ಕೆಲವು ಕಲ್ಲುಗಳನ್ನು ಆಹಾರ ಬದಲಿಸಿ ಕರಗಿಸುವ ಹಾಗೆ ಇದನ್ನು ಕರಗಿಸಲು ಆಗುವುದಿಲ್ಲ. ಕಲ್ಲು ಕರಗಿಸುತ್ತೇವೆ ಅನ್ನುವ ಪುಡಿ, ಹನಿಗಳ ಹಿಂದೆ ಹೋಗಿ ದಿನ ಕಳೆಯಬೇಡಿ. ಹೆಣ್ಣಿಗೆ ಮೂತ್ರನಾಳ ಗಿಡ್ಡ ಮತ್ತು ಅಗಲ, ಸಣ್ಣ ಕಲ್ಲು ಒಮ್ಮೊಮ್ಮೆ ತಾನೇ ಹೊರಗೆ ಬೀಳುತ್ತದೆ. ಗಂಡಿಗೆ ನಾಳ ಉದ್ದ, ಸಿಕ್ಕಿಕೊಳ್ಳುವ ಭಯ ಜಾಸ್ತಿ. ದೊಡ್ಡ ಕಲ್ಲಾದರೆ ಆಪರೇಷನ್ನೇ ಗತಿ.

ಎಲ್ಲ ಸಲವೂ ಕಲ್ಲೇ ಇರಬೇಕು ಅಂತಿಲ್ಲ. ಸೋಂಕು ಇರಬಹುದು, ಗಸಿ, ಅಂದರೆ ಕ್ಯಾಲ್ಸಿಯಂ ಪುಡಿಯ ಕೆಸರು, ತುಂಬಿಕೊಂಡಿರಬಹುದು. ಕಲ್ಲೂ ಇಲ್ಲದೆ, ಬ್ಯಾಕ್ಟೀರಿಯಾನೂ ಇಲ್ಲದೆ ಮೂತ್ರಕೋಶ ಊದಿಕೊಂಡು ನೋಯುವುದೂ ಉಂಟು. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಉಚ್ಚೆ ಮಾಡುವಾಗ ಕೀರಲು ದನಿ, ಬೆನ್ನು ಗೂನಾಗಿಸಿ ನಿಲ್ಲುವುದು, ಹಿಂಭಾಗ ಸದಾ ಒದ್ದೆ, ಮತ್ತೆ ಮತ್ತೆ ಎರಡೇ ಹನಿ, ಕೆಂಪು ಬಣ್ಣ. ಕೆಂಪಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಕೆಲವೊಮ್ಮೆ ಅದು ರಕ್ತವೇ ಅಲ್ಲ, ಉಚ್ಚೆಯಲ್ಲೇ ಇರುವ ಬಣ್ಣ. ಹೆಣ್ಣಾದರೆ ರಕ್ತ ಗರ್ಭಕೋಶದಿಂದಲೂ ಬರಬಹುದು. ಡಾಕ್ಟರು ಒಂದು ಪಟ್ಟಿ ಅದ್ದಿ ರಕ್ತವೋ ಅಲ್ಲವೋ ನೋಡುತ್ತಾರೆ. ಹೋಗುವಾಗ ಸ್ವಚ್ಛವಾದ ಸಿರಿಂಜಿನಲ್ಲಿ ತಾಜಾ ಉಚ್ಚೆ ಸ್ವಲ್ಪ ಎಳೆದುಕೊಂಡು ಹೋದರೆ ಅವರಿಗೆ ಅನುಕೂಲ. ತಿಣುಕುವುದನ್ನು, ಕೀರುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಬೇಟೆಯಾಗುವ ಪ್ರಾಣಿ ಇದು, ಅಪರಿಚಿತರ ಎದುರು ನೋವು ತೋರಿಸುವುದಿಲ್ಲ. ಡಾಕ್ಟರ ಮೇಜಿನ ಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಕೂತಿರುತ್ತದೆ.

ಉಚ್ಚೆಗೆ ತಿಣುಕುತ್ತಿದೆ, ಆದರೆ ಒಂದು ಹನಿಯೂ ಬರುತ್ತಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ಹೊಟ್ಟೆ ಒತ್ತಿ ಉಚ್ಚೆ ಬರಿಸುವ ಪ್ರಯತ್ನವಂತೂ ಬೇಡವೇ ಬೇಡ, ಮೂತ್ರಕೋಶ ಒಡೆದುಹೋಗಬಹುದು.

ಈಗ ಮನೆಯ ಕೆಲಸಕ್ಕೆ ಬರೋಣ. ಔಷಧಿಗಿಂತ ಮೊದಲು ನಿಮ್ಮ ಹತ್ತಿರ ಇರಬೇಕಾದದ್ದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ಬೆಳೆದ ಗಿನಿ ಪಿಗ್ ಸಾಮಾನ್ಯವಾಗಿ 700ರಿಂದ 1200 ಗ್ರಾಂ ತೂಗುತ್ತದೆ. ಕಾಯಿಲೆ ಬಿದ್ದಾಗ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಒಂದು ಕೆಜಿಯ ಪ್ರಾಣಿ ಎರಡು ಮೂರು ದಿನದಲ್ಲಿ 50 ಗ್ರಾಂ ಇಳಿದರೆ ಡಾಕ್ಟರಿಗೆ ಫೋನ್ ಮಾಡಿ. 100 ಗ್ರಾಂ ಇಳಿದರೆ ಫೋನ್ ಅಲ್ಲ, ಕರೆದುಕೊಂಡೇ ಹೋಗಿ. ಹುಲ್ಲಿನ ಹತ್ತಿರ ಕೂತಿದೆ, ತಿನ್ನುತ್ತಿದೆ ಅಂತ ನಮಗೆ ಅನ್ನಿಸುತ್ತದೆ, ತಕ್ಕಡಿ ಬೇರೆಯೇ ಹೇಳುತ್ತದೆ. ತಕ್ಕಡಿಯನ್ನೇ ನಂಬಿ. ಹಿಕ್ಕೆಯನ್ನೂ ಗಮನಿಸಿ. ಸಣ್ಣದಾಗಿ, ಒಣಗಿ, ಕಡಿಮೆಯಾಗುತ್ತಾ ಬಂದರೆ ಒಳಗೆ ಹೋಗುವುದು ಸಾಲುತ್ತಿಲ್ಲ ಅಂತ ಅರ್ಥ.

ತಾನಾಗಿ ತಿನ್ನದಿದ್ದರೆ ಸಿರಿಂಜಿನಲ್ಲಿ ತಿನ್ನಿಸಬೇಕು. ಎಲ್ಲರಿಗೂ ಭಯ ಇರುವುದು ಇಲ್ಲೇ, ಅಲ್ವಾ? ಹೊಟ್ಟೆ ಡೋಲಿನ ಹಾಗೆ ಬಿಗಿದಿದೆಯೇ ಅಂತ ಮೊದಲು ಮುಟ್ಟಿ ನೋಡಿ. ಬಿಗಿದಿದ್ದರೆ ತಿನ್ನಿಸಬೇಡಿ, ಡಾಕ್ಟರನ್ನು ಕೇಳಿ. ಇಲ್ಲವಾದರೆ, ಕಾಯಿಲೆ ಬಿದ್ದ ಸಸ್ಯಾಹಾರಿ ಪ್ರಾಣಿಗಳಿಗೆಂದೇ ಮಾಡಿದ ನಾರಿನ ಪುಡಿ ಸಿಗುತ್ತದೆ, ಅದನ್ನು ನೀರಲ್ಲಿ ಕಲಸಿಕೊಳ್ಳಿ. ಆ ಪುಡಿ ಇಲ್ಲದಿದ್ದರೆ ನಿಮ್ಮ ಗಿನಿ ಪಿಗ್ ದಿನಾ ತಿನ್ನುವ ಪೆಲೆಟ್‌ಗಳನ್ನೇ, ಅಂದರೆ ಒತ್ತಿ ಮಾಡಿದ ಒಣ ಆಹಾರದ ಗುಳಿಗೆಗಳನ್ನೇ, ಬೆಚ್ಚಗಿನ ನೀರಲ್ಲಿ ನೆನೆಸಿ ನುಣ್ಣಗೆ ಮಾಡಿ. ಟವೆಲ್ ಸುತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಿ, ಅದರ ಹಿಂಭಾಗ ನಿಮ್ಮ ಹೊಟ್ಟೆಗೆ ತಾಗಿರಲಿ, ಹಿಂದಕ್ಕೆ ಸರಿಯಲು ಜಾಗ ಇರುವುದಿಲ್ಲ. ಅಂಗಾತ ಮಲಗಿಸಬೇಡಿ, ತಲೆ ಮೇಲಕ್ಕೆತ್ತಬೇಡಿ. ಮುಂದಿನ ಹಲ್ಲುಗಳ ಹಿಂದೆ ಒಂದು ಖಾಲಿ ಜಾಗ ಇದೆ. 1 ಎಂಎಲ್ ಸಿರಿಂಜನ್ನು ಪಕ್ಕದಿಂದ ಅಲ್ಲಿಗೆ ತೂರಿಸಿ ಕಾಲು ಎಂಎಲ್ ಬಿಡಿ. ಅಗಿಯುವುದನ್ನು ನೋಡಿ, ಆಮೇಲೆ ಇನ್ನಷ್ಟು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಏನೂ ತಿನ್ನದ ಪ್ರಾಣಿಗೆ ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 50 ಎಂಎಲ್ ಆದರೂ ಬೇಕು. ಸರಿಯಾದ ಲೆಕ್ಕವನ್ನು ಡಾಕ್ಟರಿಂದ ಬರೆಸಿಕೊಳ್ಳಿ. ಮೂರು ನಾಲ್ಕು ಗಂಟೆಗೊಮ್ಮೆ ಅಂದರೆ ರಾತ್ರಿಯೂ ಎದ್ದು ಕೊಡಬೇಕು, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮನೆಯಲ್ಲಿ ಇಬ್ಬರಿದ್ದರೆ ಪಾಳಿ ಹಾಕಿಕೊಳ್ಳಿ. ಪ್ರತಿ ಸಲವೂ ಒದ್ದಾಡಿ ಉಗಿಯುತ್ತಿದ್ದರೆ ಅದನ್ನು ಹಟ ಅಂದುಕೊಳ್ಳಬೇಡಿ. ನೋವಿನ ಔಷಧಿ ಸಾಲುತ್ತಿದೆಯೇ ಅಂತ ಡಾಕ್ಟರನ್ನು ಕೇಳಿ.

ಒಣಹುಲ್ಲು ಮಾತ್ರ ಸದಾ ಎದುರಿಗಿರಲಿ. ಹಿಂದಿನ ಹಲ್ಲುಗಳು ಸವೆಯಲು ಹುಲ್ಲೇ ಬೇಕು, ಸಿರಿಂಜಿನ ಊಟದಿಂದ ಆ ಕೆಲಸ ಆಗುವುದಿಲ್ಲ.

ನೀರು ಎಷ್ಟು ಹೋದರೆ ಅಷ್ಟು ಒಳ್ಳೆಯದು. ಉಚ್ಚೆ ತೆಳುವಾದಷ್ಟೂ ಗಸಿ ಕೂರುವುದು ಕಡಿಮೆ. ಬಾಟಲಿಯ ಜೊತೆ ಒಂದು ಬಟ್ಟಲಲ್ಲೂ ನೀರಿಡಿ, ಕೆಲವಕ್ಕೆ ಬಟ್ಟಲೇ ಇಷ್ಟ. ಸೊಪ್ಪನ್ನು ತೊಳೆದು ನೀರು ಸೋರುತ್ತಿರುವಾಗಲೇ ಕೊಡಿ. ಕ್ರ್ಯಾನ್‌ಬೆರಿ ಜ್ಯೂಸ್ ಬೇಡ, ಅದರ ಸಕ್ಕರೆ ಕರುಳನ್ನು ಕೆಡಿಸುತ್ತದೆ.

ಸೊಪ್ಪಿನ ಪಟ್ಟಿ ಹಿಡಿದು ತಲೆಕೆಡಿಸಿಕೊಳ್ಳುವವರು ತುಂಬಾ ಜನ. ಒಂದು ಎಲೆ ಪಾರ್ಸ್ಲಿಗೆ ಹೆದರುತ್ತಾರೆ, ಅದೇ ಹೊತ್ತಿಗೆ ಬಟ್ಟಲು ತುಂಬ ಅಲ್ಫಾಲ್ಫಾ ಪೆಲೆಟ್ ಇರುತ್ತದೆ. ಅಲ್ಫಾಲ್ಫಾ, ಅಂದರೆ ಕುದುರೆಮಸಾಲೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಜಾಸ್ತಿ. ಅದು ಮರಿಗಳಿಗೆ, ಗಬ್ಬದ ಹೆಣ್ಣಿಗೆ ಸರಿ. ಬೆಳೆದವಕ್ಕೆ ಟಿಮೊಥಿಯಂಥ ಹುಲ್ಲು ಸಾಕು. ಮೊದಲು ಪೆಲೆಟ್ ಚೀಟಿ ಓದಿ, ಆಮೇಲೆ ಸೊಪ್ಪಿನ ಲೆಕ್ಕ ಹಾಕಿ. ಪಾಲಕ್ ಕೊಡದಿದ್ದರೆ ನಷ್ಟವಿಲ್ಲ. ಖನಿಜದ ಗಟ್ಟಿಗಳನ್ನು ಗೂಡಿನಿಂದ ತೆಗೆದುಬಿಡಿ. ಹಾಗಂತ ಕ್ಯಾಲ್ಸಿಯಂ ಪೂರ್ತಿ ನಿಲ್ಲಿಸಬಾರದು, ಮೂಳೆ ಹಾಳಾಗುತ್ತದೆ. ಸಿ ವಿಟಮಿನ್ ಅಂತೂ ಬೇಕೇ ಬೇಕು. ನಮ್ಮ ಹಾಗೆ ಇವೂ ಅದನ್ನು ದೇಹದಲ್ಲಿ ತಯಾರಿಸಲಾರವು. ದೊಣ್ಣೆಮೆಣಸಿನಕಾಯಿಯಲ್ಲಿ ಅದು ಚೆನ್ನಾಗಿದೆ, ಕ್ಯಾಲ್ಸಿಯಂ ಕಡಿಮೆ. ನೀರಿಗೆ ಹಾಕುವ ವಿಟಮಿನ್ ಹನಿ ಬೇಗ ಹಾಳಾಗುತ್ತದೆ, ನೀರಿನ ರುಚಿಯನ್ನೂ ಕೆಡಿಸುತ್ತದೆ. ರುಚಿ ಕೆಟ್ಟರೆ ಕುಡಿಯುವುದೇ ಕಡಿಮೆಯಾಗುತ್ತದೆ.

ಔಷಧಿ ಡಬ್ಬದಲ್ಲಿ ಉಳಿದ ಆಂಟಿಬಯಾಟಿಕ್ ಕೊಡಬೇಡಿ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯವನ್ನು ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಉಂಟುಮಾಡುವವು ಬೆಳೆದು, ಪ್ರಾಣಿ ಸಾಯಬಹುದು. ಇದು ಗೊತ್ತಿರುವ, ಗಿನಿ ಪಿಗ್ ನೋಡಿ ಅಭ್ಯಾಸ ಇರುವ ಡಾಕ್ಟರನ್ನು ಕಾಯಿಲೆ ಬರುವ ಮೊದಲೇ ಹುಡುಕಿಟ್ಟುಕೊಳ್ಳಿ.

ಗೂಡಿಗೆ ಬಿಳಿ ಬಟ್ಟೆ ಹಾಸಿ, ಉಚ್ಚೆಯ ಬಣ್ಣ ತಕ್ಷಣ ಕಾಣುತ್ತದೆ. ಒದ್ದೆಯಾದ ಕೂಡಲೇ ಬದಲಿಸಿ. ಹಿಂಭಾಗವನ್ನು ಉಗುರುಬೆಚ್ಚಗಿನ ನೀರಲ್ಲಿ ಒರೆಸಿ ಚೆನ್ನಾಗಿ ಒಣಗಿಸಿ. ಹಾಗೇ ಬಿಟ್ಟರೆ ಚರ್ಮ ಸುಟ್ಟ ಹಾಗೆ ಕೆಂಪಾಗುತ್ತದೆ, ನೊಣ ಮೊಟ್ಟೆ ಇಟ್ಟರೆ ಹುಳ ಬೀಳುತ್ತದೆ. ಜೊತೆಗಾರನಿದ್ದರೆ ಡಾಕ್ಟರು ಬೇಡ ಅನ್ನದ ಹೊರತು ಬೇರೆ ಮಾಡಬೇಡಿ. ಅದು ಹುಲ್ಲು ಅಗಿಯುವುದನ್ನು ನೋಡಿ ಇದೂ ಬಾಯಿ ಹಾಕುತ್ತದೆ.

ಆಪರೇಷನ್ ಆಗಿ ಕಲ್ಲು ಹೋದ ಮೇಲೂ ಮತ್ತೆ ಬರುವುದು ಸಾಮಾನ್ಯ. ವಾರಕ್ಕೊಮ್ಮೆ ತೂಗುವುದನ್ನು ಬಿಡಬೇಡಿ, ಮತ್ತೆ ಯಾವಾಗ ಎಕ್ಸ್‌ರೇ ತೆಗೆಸಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಇಲ್ಲಿ ಮೇಜಿನ ಮೇಲೆ ಸಿರಿಂಜು, ನೆನೆಸಿದ ಪೆಲೆಟ್ ಇಟ್ಟಿದ್ದೇನೆ. ಎಷ್ಟು ತೆಳುವಾಗಿ ಕಲಸಬೇಕು, ಒತ್ತಿದಾಗ ಎಷ್ಟು ಬರುತ್ತದೆ ಅಂತ ಕೈಯಲ್ಲಿ ಹಿಡಿದು ನೋಡಿ. ಪ್ರಶ್ನೆಗಳಿದ್ದರೆ ಅಲ್ಲೇ ಮಾತಾಡೋಣ.